ತಲಶ್ಶೇರಿಯ ಬೇಕರಿಯೂ ನಮ್ಮ ಕೈಕೆಲಸವೂ

(ಸಂಘದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳು)



ತಲಶ್ಶೇರಿಯ ಹಳೆಯ ಬೇಕರಿಯನ್ನು ನೋಡಿ ಬಂದುದನ್ನು ಸಭೆಯ ಮುಂದೆ ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಏಳನೆಯ ಕ್ಲಾಸಿನವರೆಗೆ ಓದಿದವನು. ಉಳಿದ ವಿದ್ಯೆಯನ್ನೆಲ್ಲ ಹೊಟೇಲಿನ ಮೋರಿಯ ಬಳಿ, ಒಲೆಯ ಬಳಿ, ಗಲ್ಲೆಯ ಬಳಿ ಕಲಿತೆ. ಆದುದರಿಂದ ಪಂಡಿತರ ಮಾತು ನನ್ನಿಂದ ಬಾರದು. ಕಂಡದ್ದನ್ನೂ ತಿಳಿದದ್ದನ್ನೂ ಅದರಿಂದ ನಮಗೆ ಆಗಬೇಕಾದ ಪ್ರಯೋಜನವನ್ನೂ ಹೇಳುತ್ತೇನೆ.

ಬೇಕರಿ ನೋಡುವುದಕ್ಕೆಂದು ಅಷ್ಟು ದೂರ ಹೋಗಬೇಕೆ ಎಂದು ಕೆಲವರು ನಗಬಹುದು. ಈ ಮುಂಬಯಿಯಲ್ಲಿ ಗಲ್ಲಿಗೊಂದು ಬೇಕರಿ ಇದೆ. ಆದರೆ ಯಾತ್ರೆಗೆ ಹೋಗುವವರು ತಮ್ಮ ಕೇರಿಯಲ್ಲಿ ಗುಡಿ ಇಲ್ಲವೆಂದು ಹೋಗುವುದಿಲ್ಲ. ತಲಶ್ಶೇರಿಯ ಬೇಕರಿ ನಮ್ಮ ಕಸುಬಿನವರು ಒಮ್ಮೆಯಾದರೂ ನೋಡಬೇಕಾದ ಜಾಗ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಊರು ನಮಗೆ ಪರಕೀಯವೇನಲ್ಲ. ಮಂಗಳೂರಿನಲ್ಲಿ ದಕ್ಷಿಣಕ್ಕೆ ಹೋಗುವ ರೈಲು ಹತ್ತಿದರೆ ಕಾಸರಗೋಡು, ಪಯ್ಯನ್ನೂರು, ಕಣ್ಣೂರು ದಾಟಿ ತಲಶ್ಶೇರಿ ಬರುತ್ತದೆ. ಅದೇ ಕಡಲು, ಅದೇ ತೆಂಗು, ಅದೇ ಕೆಂಪು ಕಲ್ಲಿನ ಗೋಡೆ, ಅದೇ ಹೆಂಚು. 1956ರಲ್ಲಿ ರಾಜ್ಯಗಳ ವಿಂಗಡಣೆ ಆಗುವವರೆಗೆ ನಮ್ಮ ದಕ್ಷಿಣ ಕನ್ನಡವೂ ಅವರ ಮಲಬಾರೂ ಒಂದೇ ಮದರಾಸು ಸರಕಾರದ ಕೆಳಗಿದ್ದವು. ಕರಿಮೆಣಸು, ಏಲಕ್ಕಿಗಳ ವ್ಯಾಪಾರಕ್ಕಾಗಿ ಬಂದ ಇಂಗ್ಲಿಷ್ ಕಂಪೆನಿಯವರು 1708ರಲ್ಲಿ ಅಲ್ಲಿ ಕೋಟೆ ಕಟ್ಟಿದರು. ಅದು ಇಂದಿಗೂ ಕಡಲಿಗೆ ಮುಖಮಾಡಿ ನಿಂತಿದೆ. ನಮ್ಮ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಬಾಸೆಲ್ ಮಿಶನ್ನಿನವರೇ 1847ರಲ್ಲಿ ತಲಶ್ಶೇರಿಯಲ್ಲಿ ಮಲಯಾಳ ಪತ್ರಿಕೆಯನ್ನೂ ಹೊರಡಿಸಿದರು. ಮಲಯಾಳ ನಿಘಂಟು ಬರೆದ ಗುಂಡರ್ಟ್ ಪಾದ್ರಿಗಳು ಇದ್ದ ಬಂಗಲೆ ಆ ಊರಿನ ಇಲ್ಲಿಕ್ಕುನ್ನಿನಲ್ಲಿದೆ. ತಲಶ್ಶೇರಿಯವರನ್ನು ಕೇಳಿದರೆ ತಮ್ಮ ಊರಿನ ಹೆಮ್ಮೆ ಮೂರು ಎನ್ನುತ್ತಾರೆ: ಕ್ರಿಕೆಟ್ಟು, ಸರ್ಕಸ್ಸು, ಕೇಕು. ನಾನು ಹೋದದ್ದು ಮೂರನೆಯದಕ್ಕಾಗಿ.

ಆ ಬೇಕರಿಯ ಕತೆ ಹೀಗಿದೆ. ಮಾಂಬಳ್ಳಿ ಬಾಪು ಎಂಬವರು ಬರ್ಮಾ ದೇಶದಲ್ಲಿ ಬಿಸ್ಕತ್ತು ಮಾಡುವ ಕೆಲಸ ಕಲಿತು ಬಂದು 1880ರಲ್ಲಿ ತಲಶ್ಶೇರಿಯಲ್ಲಿ 'ರಾಯಲ್ ಬಿಸ್ಕಟ್ ಫ್ಯಾಕ್ಟರಿ' ಎಂಬ ಅಂಗಡಿ ತೆರೆದರು. ಬಿಸ್ಕತ್ತು, ರಸ್ಕು, ಬ್ರೆಡ್ಡು, ಬನ್ನು ಮಾಡುತ್ತಿದ್ದರು. ಆ ಕಾಲದಲ್ಲಿ ಇದು ಎಷ್ಟು ಹೊಸ ಕಸುಬು ಎಂಬುದನ್ನು ನೀವೇ ಊಹಿಸಿ. ನಮ್ಮ ಹಳ್ಳಿಗಳಲ್ಲಿ ಮೊನ್ನೆ ಮೊನ್ನೆಯವರೆಗೂ ಜ್ವರ ಬಂದವರಿಗೆ ಮಾತ್ರ ಬ್ರೆಡ್ಡು ತರುತ್ತಿದ್ದರು. ಬ್ರೆಡ್ಡಿನ ಪೊಟ್ಟಣ ಹಿಡಿದು ದಾರಿಯಲ್ಲಿ ಹೋದರೆ 'ಮನೆಯಲ್ಲಿ ಯಾರಿಗೆ ಹುಷಾರಿಲ್ಲ?' ಎಂದು ಕೇಳುತ್ತಿದ್ದರು. ಅಂಥ ಕರಾವಳಿಯಲ್ಲಿ, ಇಂದಿಗೆ ಸುಮಾರು ನೂರ ನಲವತ್ತೈದು ವರ್ಷಗಳ ಹಿಂದೆ, ಒಬ್ಬ ಊರಿನ ಮನುಷ್ಯ ದೊರೆಗಳ ತಿಂಡಿಯನ್ನು ತನ್ನ ಕೈಯಿಂದ ಮಾಡಿ ಮಾರುತ್ತೇನೆಂದು ಹೊರಟ.

1883ರಲ್ಲಿ, ಕ್ರಿಸ್ಮಸ್ ಹಬ್ಬಕ್ಕೆ ಮುಂಚೆ, ಅಂಜರಕಂಡಿಯ ದಾಲ್ಚಿನ್ನಿ ತೋಟದ ಯಜಮಾನ ಮರ್ಡಾಕ್ ಬ್ರೌನ್ ಎಂಬ ದೊರೆ ಈ ಅಂಗಡಿಗೆ ಬಂದ. ಇಂಗ್ಲೆಂಡಿನಿಂದ ತಂದ ಒಂದು ಪ್ಲಮ್ ಕೇಕನ್ನು ಬಾಪು ಅವರ ಮುಂದೆ ಇಟ್ಟು, ಇಂಥದು ನಿನ್ನಿಂದ ಆದೀತೆ ಎಂದು ಕೇಳಿದ. ಸ್ವಲ್ಪ ಹೊತ್ತು ಮಾಡುವ ಕ್ರಮವನ್ನು ಬಾಯಲ್ಲಿ ಹೇಳಿದ. ಒಣದ್ರಾಕ್ಷಿ, ಖರ್ಜೂರ ಮೊದಲಾದವನ್ನು ಕೊಟ್ಟ. ಬ್ರಾಂದಿಯನ್ನು ಮಾತ್ರ ಮಾಹೆಯಿಂದ ತರಿಸಿಕೊ ಎಂದ. ಮಾಹೆ ತಲಶ್ಶೇರಿಗೆ ಹತ್ತಿರದ ಊರು. 1954ರವರೆಗೆ ಅದು ಫ್ರೆಂಚರ ಕೈಯಲ್ಲಿತ್ತು. ಬಾಪು ಬ್ರಾಂದಿ ತರಿಸಲಿಲ್ಲ. ಗೇರುಹಣ್ಣಿನಿಂದಲೂ ಕದಳಿ ಬಾಳೆಹಣ್ಣಿನಿಂದಲೂ ಇಳಿಸಿದ ನಾಡಿನ ಮದ್ಯವನ್ನೇ ಹಾಕಿದರು. ಕೇಕಿನ ಅಚ್ಚನ್ನು ಧರ್ಮಡದ ಕಮ್ಮಾರನಿಂದ ಮಾಡಿಸಿದರು. ಮಸಾಲೆ ಮಲಬಾರಿನದೇ. ದೊರೆ ತಿಂದು ನೋಡಿ, ತಾನು ತಿಂದ ಒಳ್ಳೆಯ ಕೇಕುಗಳಲ್ಲಿ ಇದೂ ಒಂದೆಂದು ಮೆಚ್ಚಿ, ಒಂದು ಡಜನ್ ಕೇಕುಗಳಿಗೆ ಆರ್ಡರು ಕೊಟ್ಟನಂತೆ. ಆ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದ ಕತೆ ಇದು. ಭಾರತದಲ್ಲಿ ಭಾರತೀಯನ ಕೈಯಿಂದ ಆದ ಮೊದಲ ಕ್ರಿಸ್ಮಸ್ ಕೇಕು ಇದೇ ಎಂದು ಊರವರು ಅಭಿಮಾನಪಡುತ್ತಾರೆ. ಮೊದಲನೆಯದೋ ಎರಡನೆಯದೋ ಎಂಬ ಜಗಳ ನನಗೆ ಬೇಡ. ಆದ ಕೆಲಸವೇ ದೊಡ್ಡದು.

ಆ ಕುಟುಂಬದವರು ಇಂದಿಗೂ ತಲಶ್ಶೇರಿಯಲ್ಲಿ ಮಾಂಬಳ್ಳಿ ಎಂಬ ಹೆಸರಿನಲ್ಲೇ ಬೇಕರಿ ನಡೆಸುತ್ತಿದ್ದಾರೆ. ಅದೇ ಮನೆತನದವರು ತಿರುವನಂತಪುರದಲ್ಲಿ ಶಾಂತಾ ಬೇಕರಿ, ಎರ್ನಾಕುಳದಲ್ಲಿ ಕೊಚ್ಚಿನ್ ಬೇಕರಿ, ಕೋಟ್ಟಯದಲ್ಲಿ ಬೆಸ್ಟ್ ಬೇಕರಿ ಎಂದು ಬೇರೆ ಬೇರೆ ಹೆಸರಿನಲ್ಲಿ ಅಂಗಡಿಗಳನ್ನು ತೆರೆದರು. ನಾನು ಹೋದದ್ದು ಡಿಸೆಂಬರ್ ತಿಂಗಳಲ್ಲಿ. ಅರಮನೆಯಂಥ ಅಂಗಡಿ ಕಾಣುವೆನೆಂದು ಹೋದವರಿಗೆ ಅಲ್ಲಿ ಏನೂ ಸಿಗದು. ನಮ್ಮ ಕಡೆಯ ಬೇಕರಿಗಳಂತೆಯೇ ಗಾಜಿನ ಕಪಾಟು, ತೂಕದ ಯಂತ್ರ, ಕಟ್ಟಿಕೊಡುವ ಕೈಗಳು. ಪ್ಲಮ್ ಕೇಕು ಕೊಂಡು, ಹೊರಗೆ ಬಂದು, ನಿಂತಲ್ಲೇ ಒಂದು ತುಂಡು ಮುರಿದು ಬಾಯಿಗೆ ಹಾಕಿದೆ. ಮೊದಲು ಬೆಲ್ಲದ ಪಾಕದಂಥ ಕಪ್ಪು ಸಿಹಿ. ಆಮೇಲೆ ದ್ರಾಕ್ಷಿ. ಕೊನೆಗೆ ಲವಂಗ, ದಾಲ್ಚಿನ್ನಿಗಳ ಖಾರ ನಾಲಗೆಯ ಬುಡದಲ್ಲಿ ನಿಲ್ಲುತ್ತದೆ. ಹೆಸರು ವಿಲಾಯತಿಯದಾದರೂ ರುಚಿ ನಮ್ಮ ಕರಾವಳಿಯದು. ಅದನ್ನು ಜಗಿಯುತ್ತಾ ನನಗೆ ಬಂದ ವಿಚಾರಗಳನ್ನು ಈಗ ನಿಮ್ಮ ಮುಂದಿಡುತ್ತೇನೆ.

ಮೊದಲನೆಯ ವಿಚಾರ. ಬಾಪು ಅವರಿಗೆ ದೊರೆ ಕೊಟ್ಟದ್ದು ಒಂದು ಮಾದರಿ ಮತ್ತು ಬಾಯಿಮಾತು. ಕೇಕು ಆದದ್ದು ಅಷ್ಟರಿಂದಲ್ಲ. ಇಲ್ಲದ್ದಕ್ಕೆ ಬದಲು ಏನು ಹಾಕಬೇಕು, ಎಷ್ಟು ಹಾಕಬೇಕು, ಎಷ್ಟು ಶಾಖದಲ್ಲಿ ಎಷ್ಟು ಹೊತ್ತು ಇಡಬೇಕು ಎಂಬ ತಿಳಿವಳಿಕೆ ಬಾಪು ಅವರ ಕೈಯಲ್ಲೇ ಇತ್ತು. ಬಂಧುಗಳೆ, ಈ ತಿಳಿವಳಿಕೆ ನಿಮಗೆ ಹೊಸದಲ್ಲ. ಇಲ್ಲಿ ಕುಳಿತಿರುವ ಭಟ್ಟರುಗಳನ್ನು ಕೇಳಿ. ಮುಂಬಯಿಯ ಮಳೆಗಾಲದಲ್ಲಿ ಇಡ್ಲಿಯ ಹಿಟ್ಟು ಬೆಳಗಿನೊಳಗೆ ಹುಳಿ ಹೆಚ್ಚಾಗಿ ಕೆಡುತ್ತದೆ. ದೆಹಲಿಯ ಚಳಿಗಾಲದಲ್ಲಿ ಅದೇ ಹಿಟ್ಟು ಎರಡು ದಿನವಾದರೂ ಏಳುವುದಿಲ್ಲ. ಉದ್ದು ಎಷ್ಟು, ಅಕ್ಕಿ ಎಷ್ಟು, ಉಪ್ಪು ಯಾವಾಗ, ಪಾತ್ರೆ ಒಲೆಯ ಬಳಿ ಇರಬೇಕೋ ಕಿಟಕಿಯ ಬಳಿ ಇರಬೇಕೋ ಎಂಬುದನ್ನು ಯಾವ ಮಾಲಿಕರೂ ಬರೆದುಕೊಟ್ಟಿಲ್ಲ. ಹಿಟ್ಟಿನೊಳಗೆ ಬೆರಳು ಅದ್ದಿ ನೋಡಿ ಹೇಳುವವರು ನಮ್ಮವರು.

ಬೇಕರಿಯ ಕೆಲಸವೂ ಹಾಗೆಯೇ. ನಾನು ಮಾಣಿಯಾಗಿದ್ದಾಗ ಬೆಳಗಿನ ಜಾವ ಪಾವ್ ತರಲು ಬೇಕರಿಯ ಹಿಂದಿನ ಬಾಗಿಲಿಗೆ ಹೋಗುತ್ತಿದ್ದೆ. ನಾವು ಏಳುವ ಹೊತ್ತಿಗೆ ಅವರ ಅರ್ಧ ಕೆಲಸ ಮುಗಿದಿರುತ್ತಿತ್ತು. ರಾತ್ರಿ ಹಿಟ್ಟು ನಾದಿ ಏಳಲು ಬಿಡುತ್ತಾರೆ. ಭಟ್ಟಿಯ ಒಳಗೇ ಸೌದೆ ಉರಿಸಿ, ಕಲ್ಲು ಕಾದ ಮೇಲೆ ಕೆಂಡವನ್ನು ಬದಿಗೆ ಎಳೆದು, ಒದ್ದೆ ಗೋಣಿಯಿಂದ ನೆಲ ಒರೆಸುತ್ತಾರೆ. ಆಮೇಲೆ ಒಂದು ಹಿಡಿ ಮೈದಾ ಒಳಗೆ ಎರಚುತ್ತಾರೆ. ಕೂಡಲೇ ಕಪ್ಪಾದರೆ ಶಾಖ ಹೆಚ್ಚು, ಕಾಯಬೇಕು. ನಿಧಾನವಾಗಿ ಕಂದುಬಣ್ಣಕ್ಕೆ ತಿರುಗಿದರೆ ಸರಿ, ಪಾವ್ ಒಳಗೆ ಹೋಗಬಹುದು. ಉದ್ದ ಹಿಡಿಯ ಹಲಗೆಯಿಂದ ತಟ್ಟೆಗಳನ್ನು ಒಳಕ್ಕೆ ತಳ್ಳುತ್ತಾರೆ, ಹೊರಕ್ಕೆ ಎಳೆಯುತ್ತಾರೆ. ಜೋರು ಶಾಖಕ್ಕೆ ಪಾವ್, ಶಾಖ ಇಳಿದ ಮೇಲೆ ಕೇಕು ಮತ್ತು ಬಿಸ್ಕತ್ತು, ಕೊನೆಯ ಸಣ್ಣ ಶಾಖದಲ್ಲಿ ಟೋಸ್ಟು ಒಣಗುತ್ತದೆ. ಒಂದು ಸಲ ಉರಿಸಿದ ಸೌದೆಯಲ್ಲಿ ಮೂರು ಕೆಲಸ. ಇದು ಲೆಕ್ಕಾಚಾರವಲ್ಲವೆ? ಇದಕ್ಕೆ ಕೊಡುವ ಬೆಲೆಯೂ ಇದೆ: ರಾತ್ರಿಯ ನಿದ್ದೆ, ಮೊಣಕೈವರೆಗಿನ ಸುಟ್ಟ ಗಾಯ, ವರ್ಷಗಟ್ಟಲೆ ಮೈದಾ ಧೂಳು ಕುಡಿದವರಿಗೆ ಬರುವ ಉಬ್ಬಸ. ಬೆಳಿಗ್ಗೆ ಆರು ಗಂಟೆಗೆ ಚಹಾದಲ್ಲಿ ಪಾವ್ ಅದ್ದಿ ತಿನ್ನುವವರಿಗೆ ಇದೊಂದೂ ಕಾಣುವುದಿಲ್ಲ.

ಎರಡನೆಯ ವಿಚಾರ. ಕತೆಯಲ್ಲಿ ಬ್ರೌನ್ ದೊರೆಯ ಹೆಸರಿದೆ, ಬಾಪು ಅವರ ಹೆಸರಿದೆ. ಬಾಪು ಅವರ ಹೆಸರು ಉಳಿದದ್ದಕ್ಕೆ ನನಗೆ ನಿಜವಾಗಿಯೂ ಸಂತೋಷ. ಆದರೆ ಅಚ್ಚು ಬಡಿದ ಧರ್ಮಡದ ಕಮ್ಮಾರನ ಹೆಸರೇನು? ರಾತ್ರಿಯೆಲ್ಲ ಹಿಟ್ಟು ನಾದಿದವರು, ಸೌದೆ ಒಡೆದವರು ಯಾರು? ಯಾರೂ ಹೇಳುವುದಿಲ್ಲ. ಆ ದಾಲ್ಚಿನ್ನಿ ತೋಟದ ಮಾತು ಇನ್ನೂ ಕಹಿಯಾದುದು. ಬಾಪು ಅವರ ಕಾಲಕ್ಕೆ ಎಪ್ಪತ್ತು ವರ್ಷ ಮೊದಲು ಅಂಜರಕಂಡಿ ತೋಟಕ್ಕೆ ಮರ್ಡಾಕ್ ಬ್ರೌನ್ ಎಂಬ ಅದೇ ಹೆಸರಿನ ಹಳೆಯ ದೊರೆಯೊಬ್ಬ ಯಜಮಾನನಾಗಿದ್ದ. 1811-12ರಲ್ಲಿ ಕಂಪೆನಿ ಸರಕಾರದ ಮ್ಯಾಜಿಸ್ಟ್ರೇಟ್ ತಾಮಸ್ ಬೇಬರ್ ಎಂಬವರು ಆ ತೋಟದಲ್ಲಿ ತಿರುವಾಂಕೂರಿನ ಕಡೆಯಿಂದ ಕದ್ದು ತಂದ ಜನರನ್ನೂ ಮಕ್ಕಳನ್ನೂ ಗುಲಾಮರಾಗಿ ಇಟ್ಟುಕೊಂಡಿದ್ದನ್ನು ಪತ್ತೆಮಾಡಿ ಬಿಡುಗಡೆ ಮಾಡಿಸಿದರು. ಈ ದೇಶದಲ್ಲಿ ಗುಲಾಮಗಿರಿಗೆ ಇದ್ದ ಕಾನೂನಿನ ಬೆಂಬಲ ತಪ್ಪಿದ್ದು 1843ರ ಕಾಯಿದೆಯಿಂದ. ಅಂದರೆ ಮಲಬಾರಿನ ದಾಲ್ಚಿನ್ನಿಯ ಸುವಾಸನೆಯ ಹಿಂದೆ ಅಂಥವರ ಬೆವರೂ ಇದೆ. ಕೇಕಿನ ರುಚಿಯನ್ನು ಕೆಡಿಸಲು ನಾನು ಇದನ್ನು ಹೇಳುತ್ತಿಲ್ಲ. ಹೆಸರು ಬರೆದಿಟ್ಟವರದು ಉಳಿಯುತ್ತದೆ, ಬರೆದಿಡದವರದು ಅಳಿಯುತ್ತದೆ ಎಂಬುದನ್ನು ತೋರಿಸಲು ಹೇಳುತ್ತಿದ್ದೇನೆ.

ಇದು ಹಳೆಯ ಕಾಲದ ಮಾತಾಯಿತು ಎನ್ನಬೇಡಿ. ನಮ್ಮ ಸಂಘದ ಸದಸ್ಯರೊಬ್ಬರು ಒಂದೇ ಹೊಟೇಲಿನಲ್ಲಿ 19 ವರ್ಷ ದೋಸೆ ಕಾವಲಿಯ ಮುಂದೆ ನಿಂತವರು. ಅವರು ರಜೆಯ ಮೇಲೆ ಊರಿಗೆ ಹೋದರೆ ಗಿರಾಕಿಗಳು 'ಇವತ್ತು ದೋಸೆ ಸರಿಯಿಲ್ಲ' ಎಂದು ಗಲ್ಲೆಯಲ್ಲಿ ಹೇಳಿಹೋಗುತ್ತಿದ್ದರು. ಕೆಲಸ ಬಿಡುವ ದಿನ ಬಂದಾಗ ಹೊಟೇಲಿನ ಪುಸ್ತಕ ತೆರೆದು ನೋಡಿದರೆ ಅವರ ಹೆಸರಿನ ಮುಂದೆ ಬರೆದದ್ದು ಏನು ಗೊತ್ತೆ? 'ಹೆಲ್ಪರ್'. ಆ ಹೊಟೇಲಿನ ಹೆಸರು ಇಲ್ಲಿ ಬೇಡ; ಅಂಥವು ಒಂದೇ ಅಲ್ಲ, ಹತ್ತಾರಿವೆ.

ಒಂದು ಶಬ್ದದಲ್ಲಿ ಏನಿದೆ ಎಂದು ಕೇಳುವವರು ಲೆಕ್ಕ ಹಾಕಿ ನೋಡಲಿ. ಕನಿಷ್ಠ ವೇತನವನ್ನು ಗೊತ್ತುಮಾಡುವಾಗ ಸರಕಾರ ಕೆಲಸಗಾರರನ್ನು ಕುಶಲ, ಅರೆಕುಶಲ, ಅಕುಶಲ ಎಂದು ಮೂರು ದರ್ಜೆ ಮಾಡುತ್ತದೆ. ಹೊಟೇಲಿಗೂ ಹೀಗೆಯೇ, ಬೇಕರಿಗೂ ಹೀಗೆಯೇ. 'ಹೆಲ್ಪರ್' ಎಂದು ಬರೆದರೆ ಕೆಳಗಿನ ದರ್ಜೆ, ಕೆಳಗಿನ ಸಂಬಳ. ಭವಿಷ್ಯನಿಧಿಗೆ ಹಿಡಿಯುವ ಹಣವೂ ಆ ಸಂಬಳದ ಮೇಲೆಯೇ. ಗ್ರಾಚ್ಯುಟಿಯ ಲೆಕ್ಕ ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ ಕೊನೆಯ ಸಂಬಳದ 15 ದಿನಗಳ ಮೊತ್ತ. ತಿಂಗಳಿಗೆ 26 ದಿನವೆಂದು ಹಿಡಿದು ಎಣಿಸುತ್ತಾರೆ. ಕೊನೆಯ ಸಂಬಳದಲ್ಲಿ ತಿಂಗಳಿಗೆ 2,600 ರೂಪಾಯಿ ಕಡಮೆಯಾದರೆ ದಿನಕ್ಕೆ 100 ರೂಪಾಯಿ ಕಡಮೆ. 15 ದಿನಕ್ಕೆ 1,500. 19 ವರ್ಷಕ್ಕೆ 28,500 ರೂಪಾಯಿ. ಪ್ರತಿ ತಿಂಗಳು ಕಳೆದುಕೊಂಡದ್ದು ಬೇರೆಯೇ. ಇಷ್ಟೆಲ್ಲ ಹೋದದ್ದು ಪುಸ್ತಕದಲ್ಲಿ ಒಂದು ಶಬ್ದ ತಪ್ಪಾಗಿ ಕುಳಿತಿದ್ದರಿಂದ. ಈಗ ಹೇಳಿ, ಶಬ್ದ ಸಣ್ಣದೆ?

ಮೂರನೆಯ ವಿಚಾರವೂ ಅದೇ ಊರಿನದು. ಬೇಕರಿಯಿಂದ ಹೊರಟು ನಾನು ಇಂಡಿಯನ್ ಕಾಫಿ ಹೌಸಿಗೆ ಹೋದೆ. ಬಿಳಿ ಉಡುಪು, ಗರಿ ಬಿಚ್ಚಿದಂಥ ಪೇಟ ತೊಟ್ಟ ಕೆಲಸಗಾರರು ಅಲ್ಲಿ ಬಡಿಸುತ್ತಾರೆ. ಅಲ್ಲಿ ಒಬ್ಬ ಮಾಲಿಕ ಎಂಬುವನಿಲ್ಲ. ಕೆಲಸಗಾರರ ಸಹಕಾರ ಸಂಘವೇ ಮಾಲಿಕ. 1950ರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿ ಕೆಲಸಗಾರರನ್ನು ಹೊರಗೆ ಹಾಕಿದಾಗ, ಕಣ್ಣೂರಿನ ಕಡೆಯವರೇ ಆದ ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಕೆಲಸಗಾರರು ತಾವೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಮೊದಲ ಸಂಘ ಆದದ್ದು ನಮ್ಮ ಬೆಂಗಳೂರಿನಲ್ಲಿ, 1957ರಲ್ಲಿ. 1958ರಲ್ಲಿ ತೃಶ್ಶೂರಿನಲ್ಲೂ ತಲಶ್ಶೇರಿಯಲ್ಲೂ ಕಾಫಿ ಹೌಸುಗಳು ತೆರೆದವು. ಕಪ್ಪುಬಶಿ ತೊಳೆಯುತ್ತಿದ್ದವರು, ಬಡಿಸುತ್ತಿದ್ದವರು ಕಾಗದದ ಮೇಲೆ ತಮ್ಮ ಹೆಸರನ್ನು ಸದಸ್ಯರೆಂದು ಬರೆಸಿ, ಷೇರು ಕೊಂಡು, ಅಂಗಡಿಯ ಒಡೆಯರಾದರು.

ನೋಡಿ, ಒಂದೇ ಸಣ್ಣ ಊರಿನಲ್ಲಿ ಎರಡು ಪಾಠ. ಒಬ್ಬ ಮನುಷ್ಯ ತನ್ನ ಕೈಯ ಬುದ್ಧಿಯಿಂದ ವಿಲಾಯತಿಯ ತಿಂಡಿಯನ್ನು ನಾಡಿನದಾಗಿ ಮಾಡಿ ಹೆಸರು ಗಳಿಸಿದ್ದು ಒಂದು. ಹೆಸರಿಲ್ಲದ ಹಲವರು ಒಟ್ಟಾಗಿ ತಮ್ಮ ಹೆಸರನ್ನು ಕಾಗದಕ್ಕೆ ತಂದದ್ದು ಇನ್ನೊಂದು. ಎಲ್ಲರೂ ಬಾಪು ಅವರಂತೆ ಅಂಗಡಿ ತೆರೆಯಲಾರರು. ನಾಳೆಯೇ ಸಹಕಾರಿ ಹೊಟೇಲು ತೆಗೆಯೋಣವೆಂದೂ ನಾನು ಹೇಳುವುದಿಲ್ಲ. ಆದರೆ ಕಾಗದದಲ್ಲಿ ನಮ್ಮ ಕೆಲಸದ ಸರಿಯಾದ ಹೆಸರು ಬರಲೇಬೇಕೆಂದು ಕೇಳುವುದು ನಮ್ಮೆಲ್ಲರಿಂದ ಆಗುವ ಕೆಲಸ.

ಇನ್ನು ನಮ್ಮ ಈ ನಗರದ ಮಾತು. 2025ರ ಜನವರಿಯಲ್ಲಿ ಬೊಂಬಾಯಿ ಹೈಕೋರ್ಟು, ಸೌದೆ ಮತ್ತು ಇದ್ದಲಿನ ಭಟ್ಟಿಗಳನ್ನು ಬಿಟ್ಟು ಗ್ಯಾಸು, ವಿದ್ಯುತ್ತುಗಳಿಗೆ ಆರು ತಿಂಗಳೊಳಗೆ ಬದಲಾಗಬೇಕೆಂದು ಮುಂಬಯಿಯ ಬೇಕರಿ, ಹೊಟೇಲುಗಳಿಗೆ ಹೇಳಿತು. ಹೊಗೆ ಕಡಮೆಯಾಗಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ; ಆ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯುವವನು ಭಟ್ಟಿಯ ಮುಂದೆ ನಿಂತವನು. ಆದರೆ ಪತ್ರಿಕೆಗಳಲ್ಲಿ ಚರ್ಚೆಯಾದದ್ದು ಹೆಚ್ಚಾಗಿ ಪಾವಿನ ಬೆಲೆ, ಪಾವಿನ ರುಚಿ, ಮಾಲಿಕರ ಖರ್ಚು. ಮೈದಾ ಎರಚಿ ಶಾಖ ಅಳೆಯುತ್ತಿದ್ದವನು ನಾಳೆ ಗುಂಡಿ ಒತ್ತುವ ಯಂತ್ರದ ಮುಂದೆ ಏನಾಗುತ್ತಾನೆ? ಅವನಿಗೇ ಹೊಸ ಯಂತ್ರದ ಕೆಲಸ ಕಲಿಸುತ್ತಾರೆಯೆ, ಇಲ್ಲವೆ ಹೊಸಬನನ್ನು ತಂದು ಹಳಬನನ್ನು ಮೂಟೆ ಹೊರಲು ಹಾಕುತ್ತಾರೆಯೆ? ಅವನು 'ಕುಶಲ' ಎಂದು ಕಾಗದದಲ್ಲಿ ಇದ್ದರೆ ಈ ಪ್ರಶ್ನೆ ಕೇಳಲು ಅವನಿಗೆ ಕಾಲೂರಲು ನೆಲ ಇರುತ್ತದೆ. 'ಹೆಲ್ಪರ್' ಎಂದಿದ್ದರೆ ಅದೂ ಇಲ್ಲ. ಬೇಕರಿಯ ಕೆಲಸಗಾರರಲ್ಲಿ ಹೆಚ್ಚಿನವರು ನಮ್ಮ ಭಾಷೆಯವರಲ್ಲ, ಉತ್ತರದ ಕಡೆಯವರು. ಆದರೂ ಅವರ ಪಾವ್ ಇಲ್ಲದೆ ನಮ್ಮ ಹೊಟೇಲಿನ ಬೆಳಗು ಆಗುವುದಿಲ್ಲ. ಅವರ ಕಷ್ಟ ನಮ್ಮದಲ್ಲವೆನ್ನಲು ನಮಗೆ ಬಾಯಿ ಬರಬಾರದು.

ಆದುದರಿಂದ ಬಂಧುಗಳೆ, ನನ್ನ ಸೂಚನೆಗಳು ಮೂರು.

ಒಂದು: 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಬಗ್ಗೆ ನಮ್ಮಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಅದನ್ನು ಇನ್ನೊಂದು ಸಭೆಯಲ್ಲಿ ಮಾತಾಡೋಣ. ಆದರೆ ಕೆಲಸಗಾರನಿಗೆ ನೇಮಕ ಪತ್ರ ಕೊಡಬೇಕೆಂದು ಅದರಲ್ಲಿದೆ. 10 ಅಥವಾ ಹೆಚ್ಚು ಜನ ಇರುವ ಹೊಟೇಲಿನಲ್ಲಿ ಇದನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಪತ್ರ ಕೈಗೆ ಬಂದ ಮೇಲೆ ಮಡಚಿ ಟ್ರಂಕಿನೊಳಗೆ ಇಡಬೇಡಿ. ಕೆಲಸದ ಹೆಸರು ಏನು ಬರೆದಿದೆ ಎಂದು ಓದಿ. ಓದಲು ಬಾರದಿದ್ದರೆ ಸಂಘದ ಕಚೇರಿಗೆ ತನ್ನಿ. ದೋಸೆ ಭಟ್ಟರಾಗಿದ್ದರೆ ಅಡುಗೆಯವರೆಂದೇ ಇರಬೇಕು. ಚಹಾ ಮಾಡುವವರು, ರುಬ್ಬುವವರು, ಸ್ವೀಟಿನ ಕೆಲಸದವರು, ಎಲ್ಲರಿಗೂ ಅವರವರ ಕೆಲಸದ ಹೆಸರು ಬೇಕು.

ಎರಡು: ಸಂಘದಲ್ಲಿ ಒಂದು ದೊಡ್ಡ ಪುಸ್ತಕ ಇಡೋಣ. ಹೆಸರು, ಊರು, ಮುಂಬಯಿಗೆ ಬಂದ ವರ್ಷ, ದುಡಿದ ಹೊಟೇಲುಗಳು, ಬಲ್ಲ ಕೆಲಸ, ಅದನ್ನು ಯಾರಿಂದ ಕಲಿತದ್ದು, ಇಷ್ಟನ್ನು ಪ್ರತಿಯೊಬ್ಬ ಸದಸ್ಯರಿಂದ ಕೇಳಿ ಬರೆಯೋಣ. ಹಿರಿಯರಿಂದ ಶುರುಮಾಡೋಣ, ಅವರು ಊರಿಗೆ ಹೋಗಿಬಿಟ್ಟರೆ ಕೇಳಲು ಸಿಗುವುದಿಲ್ಲ. ಮಾಲಿಕರ ಪುಸ್ತಕದಲ್ಲಿ ತಪ್ಪು ಶಬ್ದ ಇದ್ದಾಗ ಎದುರು ಹಿಡಿಯಲು ನಮ್ಮದೂ ಒಂದು ಪುಸ್ತಕ ಇರಲಿ.

ಮೂರು: ಭಟ್ಟಿ ಬದಲಾದರೆ, ಗ್ರೈಂಡರು ಬದಲಾದರೆ, ಯಾವ ಯಂತ್ರ ಬಂದರೂ, ಹಳೆಯ ಕೈಗೇ ಮೊದಲು ಕಲಿಸಬೇಕು ಎಂದು ನಾವು ಒಕ್ಕೊರಲಿನಿಂದ ಕೇಳಬೇಕು. ಬೇಕರಿಯ ಕೆಲಸಗಾರರ ಜೊತೆಗೆ ಸೇರಿ ಕೇಳಬೇಕು.

ಇನ್ನೊಂದು ಮಾತು ಹುಡುಗರಿಗೆ. ಊರಿಗೆ ಹೋದಾಗ 'ಎಲ್ಲಿ ಕೆಲಸ?' ಎಂದರೆ 'ಕಂಪೆನಿಯಲ್ಲಿ' ಎಂದು ಹೇಳುವವರು ನಮ್ಮಲ್ಲಿದ್ದಾರೆ. ಹೊಟೇಲು ಎಂದರೆ ನಾಚಿಕೆ. ಕೆಲಸದ ಹೆಸರನ್ನು ನಾವೇ ಮುಚ್ಚಿಟ್ಟರೆ ಮಾಲಿಕರು ಅದನ್ನು ಸರಿಯಾಗಿ ಬರೆಯಬೇಕೆಂದು ಯಾವ ಬಾಯಿಂದ ಕೇಳುವುದು? ಒಬ್ಬ ಬಿಸ್ಕತ್ತು ಮಾಡುವವನಿಂದ ಒಂದು ಊರಿಗೆ ನೂರ ನಲವತ್ತು ವರ್ಷ ಉಳಿಯುವ ಹೆಸರು ಬಂದಿದೆ. ಇಡ್ಲಿ, ದೋಸೆಗಳಿಂದ ಉಡುಪಿಯ ಹೆಸರನ್ನು ದೇಶದ ಮೂಲೆ ಮೂಲೆಗೂ ಒಯ್ದವರು ನಾವು. ತಲೆ ಎತ್ತಿ ಹೇಳಿ.

ಬರುವ ಭಾನುವಾರ ಸಂಜೆ ನಾಲ್ಕು ಗಂಟೆಯಿಂದ ಸಂಘದ ಕಚೇರಿಯಲ್ಲಿ ಪುಸ್ತಕ ತೆರೆದಿರುತ್ತದೆ, ಪೆನ್ನು ನಾನು ಹಿಡಿದಿರುತ್ತೇನೆ. ನೇಮಕ ಪತ್ರ ಇದ್ದವರು ತನ್ನಿ. ಇಲ್ಲದವರು ನಿಮ್ಮ ಹೆಸರನ್ನೂ ಕೆಲಸವನ್ನೂ ಹೇಳಲು ಬನ್ನಿ.